ಹೊಳೆಯುವ ಕಡೆ ಕೆಳಗೆ

ಜನವರಿ ೯

ತಮ್ಮನಿಗೆ,

ಆಶೀರ್ವಾದ ಮೊದಲು, ಬೈಗುಳ ಆಮೇಲೆ. ಬೈಗುಳ ಬೇಡ ಅಂದರೆ ಇಲ್ಲಿಗೇ ಮಡಚಿಡು.

ಐದು ವರ್ಷದಿಂದ ನಮ್ಮ ಮನೆಯ ಫೋನು ಅಂತ ಗೊತ್ತಾದರೆ ಕತ್ತರಿಸುತ್ತೀಯಲ್ಲ, ಅದಕ್ಕೇ ಈ ಕಾಗದ. ಕಾಗದ ಹರಿದು ಬಿಸಾಡಬೇಕಾದರೂ ಒಂದು ಸಲ ಬಿಚ್ಚಲೇಬೇಕು. ಅಕ್ಷರ ಕೋಳಿ ಕೆದರಿದ ಹಾಗಿದೆ ಅಂತ ನಗಬೇಡ. ಮೂರನೇ ಕ್ಲಾಸಿಗೆ ಇಷ್ಟೇ ಬರುವುದು. ವಿಳಾಸ ಮಾತ್ರ ಮೊಮ್ಮಗಳು ಬರೆದಿದ್ದಾಳೆ.

ನಿನ್ನ ಭಾವನ ಬಲಗಿವಿ ಹೋಯಿತು. ಎಡಗಿವಿಯೂ ಹೊರಟು ನಿಂತಿದೆ. ಮೂವತ್ತೆರಡು ವರ್ಷ ಲಿಫ್ಟಿನ ಮೋಟಾರು ರೂಮಿನಲ್ಲಿ ನಿಂತಿದ್ದರ ಫಲ ಅಂತ ಡಾಕ್ಟರಮ್ಮ ಹೇಳಿದರು. ಇನ್ನೊಂದು ವರ್ಷ ಅನ್ನಿ, ಹೆಚ್ಚೆಂದರೆ, ಅಂದರು. ಇವರಿಗೆ ಅದು ಕೇಳಿಸಿತೋ ಬಿಟ್ಟಿತೋ, ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಳ್ಳುತ್ತಾ, "ಕಿವಿಗೇನೂ ಆಗಿಲ್ಲ ಕಣೇ. ಟ್ರಾನ್ಸ್‌ಪೋರ್ಟು ಕೆಟ್ಟಿದೆ" ಅಂದರು.

ಈ ಹೆಸರು ಮೊದಲ ಸಲ ಕೇಳಿದಾಗ ಮನೆಗೆ ಲಾರಿ ಬರುತ್ತದೆ ಅಂದುಕೊಂಡಿದ್ದೆ. ನೀನೇ ಅಲ್ಲವಾ ತಿಳಿಸಿ ಹೇಳಿದ್ದು? ಈ ಪೆಟ್ಟಿಗೆ ಸೀಡಿಯನ್ನು ತಿರುಗಿಸಿ ಓದುತ್ತದೆ ಅಷ್ಟೇ ಅಕ್ಕ, ಓದಿದ್ದನ್ನು ಹಾಡು ಮಾಡುವುದು ಪಕ್ಕದ ಪೆಟ್ಟಿಗೆ, ಅಂತ. ಓದುವವರು ಒಬ್ಬರು, ಹೇಳುವವರು ಇನ್ನೊಬ್ಬರು. ಒಳ್ಳೇ ಏರ್ಪಾಡು. ನಮ್ಮ ಮನೆಯಲ್ಲಿ ಎಲ್ಲರೂ ಹೇಳುವವರೇ.

ಈಗ ಮನೆಯಲ್ಲಿ ಮೂರು ಟ್ರಾನ್ಸ್‌ಪೋರ್ಟು. ಒಂದು ಕಪಾಟಿನಲ್ಲಿ, ಒಂದು ಇಸ್ತ್ರಿ ಮೇಜಿನ ಮೇಲೆ, ಒಂದು ನಾನು ಕೂರುವ ಸ್ಟೂಲಿನ ಮೇಲೆ. ಒಂದರ ಕೆಳಗೆ ರಬ್ಬರು, ಒಂದರ ಕೆಳಗೆ ಬಿರಡೆ, ಇನ್ನೊಂದರ ಕೆಳಗೆ ಅರ್ಧಕ್ಕೆ ಕತ್ತರಿಸಿದ ಟೆನಿಸ್ ಚೆಂಡು. ಬೆಳಗ್ಗೆ ಇದರ ವೈರು ಅದಕ್ಕೆ, ಮಧ್ಯಾಹ್ನ ಅದರ ವೈರು ಇದಕ್ಕೆ. ಬಾಲ ಸುಟ್ಟ ಬೆಕ್ಕಿನ ಹಾಗೆ ಓಡಾಡುತ್ತಾರೆ. ಅವರನ್ನು ನೋಡಿ ನೋಡಿ ನನಗೂ ಕೂತಲ್ಲಿ ಕೂರಲು ಆಗುತ್ತಿಲ್ಲ. ಹಾಕುವುದು ಒಂದೇ ಹಾಡು. ಆ ನಾಲ್ಕನೆಯದು, ಹೆಂಗಸೊಬ್ಬಳು ಒಂಟಿಯಾಗಿ ಹಾಡುತ್ತಾಳಲ್ಲ, ಅದು. "ಸಾಲು ಎತ್ತೋಕೆ ಮುಂಚೆ ಅವಳು ಉಸಿರು ಎಳ್ಕೋತಿದ್ಲು ಕಣೇ. ಈಗ ಎಳ್ಕೊಳ್ತಿಲ್ಲ. ಪೆಟ್ಟಿಗೆ ತಿಂದುಹಾಕ್ತಿದೆ" ಅನ್ನುತ್ತಾರೆ. ಯಾವ ಪೆಟ್ಟಿಗೆಗೆ ಅಷ್ಟು ಹಸಿವೋ ನಾ ಕಾಣೆ.

ಮೊನ್ನೆ ಸ್ಕ್ರೂಡ್ರೈವರು ಹಲ್ಲಿನಲ್ಲಿ ಕಚ್ಚಿಕೊಂಡು, "ಅವನ ಭಾರದ ಪೆಟ್ಟಿಗೇಲಿ ಇರ್ತಿತ್ತೇನೋ" ಅಂದರು. ಅವನು ಅಂದರೆ ಯಾರು ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಆ ನಿನ್ನ ಹಳೇ ಪೆಟ್ಟಿಗೆ ತಗೊಂಡು ಬಾರೋ. ಎಡಗಿವಿ ಇರುವಾಗಲೇ ಬಾ.

ನಿನ್ನನ್ನು ಎತ್ತಿ ಆಡಿಸಿದ ಸೊಂಟ ಈಗ ನೋಯುತ್ತಿರುವ,
ಅಕ್ಕ


ಜನವರಿ ೨೮

ಅಕ್ಕಾ,

ಕಾಗದ ಬಂತು. ಬಿಚ್ಚಿದೆ. ಭಾವನ ಕಿವಿ ವಿಷಯ ಓದಿ ಬೇಜಾರಾಯಿತು. ಆದರೆ ಬರುವುದಿಲ್ಲ.

ಅವತ್ತು ನನ್ನ ಹೊಸ ಬೀಗರನ್ನು ನಾನೇ ನಿಮ್ಮ ಮನೆಗೆ ಕರೆದುಕೊಂಡು ಬಂದಿದ್ದೆ. ನಮ್ಮ ಭಾವನ ಮನೆಯ ಸ್ಪೀಕರ್ ಪೆಟ್ಟಿಗೆ ನನ್ನ ಕೈಯದು ಅಂತ ತೋರಿಸಲು. "ನಿನ್ನ ಹಳೇ ಟ್ರಾನ್ಸ್‌ಪೋರ್ಟು ಮೇಲೋ ನನ್ನ ಹೊಸದು ಮೇಲೋ" ಅಂತ ನನ್ನ ಜೊತೆ ಪಂದ್ಯ ಕಟ್ಟಿದವರು ಭಾವ. ಯಾವುದು ಹಾಡುತ್ತಿದೆ ಅಂತ ಕೇಳಿಯೇ ಹೇಳಬೇಕು ಅಂತ ಪರದೆ ಕಟ್ಟಿದವರೂ ಅವರೇ. ಹತ್ತರಲ್ಲಿ ಅವರಿಗೆ ಏಳು ಸರಿಯಾಯಿತು, ನನಗೆ ಮೂರು. "ಮರ ಕುಟ್ಟೀ ಕುಟ್ಟೀ ನನ್ನ ಭಾಮೈದನ ಕಿವೀನೂ ಮರ ಆಗಿದೆ" ಅಂದರು. ಬೀಗರು ನಕ್ಕರು. ನೀನು ಪರದೆಯ ಹಿಂದಿನಿಂದ ಹೊರಗೇ ಬರಲಿಲ್ಲ.

ನಗಲಿ ಬಿಡು. ನನ್ನ ಕೆಲಸ ನಿನಗೆ ಗೊತ್ತು. ಹಲಗೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ಕೇಳಿ, ಒಳಗೆ ಬಿರುಕಿದೆಯೋ, ಹಸಿ ಆರಿದೆಯೋ ಹೇಳುತ್ತಿದ್ದೆ. ಅವತ್ತಿನಿಂದ ತಟ್ಟಿದರೆ ನನಗೇ ನಂಬಿಕೆ ಬರುವುದಿಲ್ಲ. ಹತ್ತರಲ್ಲಿ ಮೂರರ ಕಿವಿ ಇದು ಅನ್ನಿಸುತ್ತದೆ. ಸ್ಪೀಕರ್ ಪೆಟ್ಟಿಗೆ ಮಾಡುವುದು ಬಿಟ್ಟು ನಾಲ್ಕು ವರ್ಷವಾಯಿತು. ಬಾಗಿಲು ಮಾಡುತ್ತೇನೆ, ಕಪಾಟು ಮಾಡುತ್ತೇನೆ. ಬಾಗಿಲಿಗೆ ಕಿವಿ ಬೇಕಾಗಿಲ್ಲ.

ಹಳೇ ಟ್ರಾನ್ಸ್‌ಪೋರ್ಟು ಮಂಚದ ಕೆಳಗಿದೆ. ಅವತ್ತು ತಂದಿಟ್ಟಿದ್ದು, ಮತ್ತೆ ಎಳೆದಿಲ್ಲ.

ಆರೋಗ್ಯ ನೋಡಿಕೋ.

ತಮ್ಮ


ಫೆಬ್ರವರಿ ೧೭

ತಮ್ಮಾ,

ನಿನ್ನ ಕಾಗದ ಓದಿ ಹದಿನೈದು ದಿನವಾಯಿತು. ಈ ಹದಿನೈದು ದಿನದಲ್ಲಿ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಮೂರು ಸಲ ತೊಳೆದೆ. ಕಿಟಕಿಯ ಸರಳು ಒಂದೊಂದಾಗಿ ಒರೆಸಿದೆ. ಬರೆಯಲು ಕೂತರೆ ಒಲೆ ಆರಿಸಿದ್ದೀನಾ ಅಂತ ಏಳುತ್ತೇನೆ. ಒಲೆ ಆರಿಯೇ ಇರುತ್ತದೆ. ನಿನ್ನ ಭಾವ ನೋಡಿ, "ನಿನಗೇನೇ ಇರುವೆ ಹತ್ತಿದೆ?" ಅಂದರು. ಹತ್ತಿದ್ದು ಇರುವೆಯಲ್ಲ.

ನೀನು ಹಲಗೆ ತಟ್ಟುವುದನ್ನು ಬಿಟ್ಟಿದ್ದು ನನಗೆ ಗೊತ್ತಿರಲಿಲ್ಲ ಕಣೋ. ನಿನಗೆ ಬಂದಿದ್ದು ಬರೀ ಸಿಟ್ಟು ಅಂದುಕೊಂಡಿದ್ದೆ. ಸಿಟ್ಟಾದರೆ ಹಾಲಿನ ಹಾಗೆ, ಉಕ್ಕಿ ಇಳಿಯುತ್ತದೆ ಅಂತ ಕಾದೆ.

ಈಗ ಹೇಳುತ್ತೇನೆ. ಕೂತು ಓದು. ಕೈಯಲ್ಲಿ ಉಳಿ ಇದ್ದರೆ ಕೆಳಗಿಡು.

ಅವತ್ತು ನನ್ನನ್ನು ಪರದೆಯ ಹಿಂದೆ ನಿಲ್ಲಿಸಿದಿರಿ. ಎರಡು ಟ್ರಾನ್ಸ್‌ಪೋರ್ಟು, ಒಂದೇ ಹಾಡಿನ ಎರಡು ಸೀಡಿ, ನಡುವೆ ತಿರುಗಿಸುವ ಗುಂಡಿ. ಒಂದಕ್ಕೆ ತಿರುಗಿಸಿದರೆ ಹಳೆಯದು, ಎರಡಕ್ಕೆ ತಿರುಗಿಸಿದರೆ ಹೊಸದು. ಲೋಟದಲ್ಲಿ ಹತ್ತು ಚೀಟಿ. ಚೀಟಿಯಲ್ಲಿ ಬಂದ ಹಾಗೆ ಗುಂಡಿ ತಿರುಗಿಸಿ ಗೋಡೆಯ ಮೇಲೆ ಬರೆದುಕೊಳ್ಳಬೇಕು. ನಿನ್ನ ಪೆಟ್ಟಿಗೆಗೆ ನೀನೇ ಸೀಡಿ ಹಾಕಿ ಮುಚ್ಚಳ ಮುಚ್ಚಿದೆ. ಹೊಸದಕ್ಕೆ ನಿನ್ನ ಭಾವ, "ಅದಕ್ಕೂ ಒಂದು ಹಾಕ್ಬಿಡೇ" ಅಂತ ಸೀಡಿ ನನ್ನ ಕೈಗೆ ಕೊಟ್ಟು ಹೋಗಿ ಕುರ್ಚಿಯಲ್ಲಿ ಕೂತರು.

ಅದು ನಾಲಿಗೆಯ ಹಾಗೆ ಟ್ರೇ ಚಾಚಿತು. ನಾನು ಸೀಡಿ ಇಟ್ಟೆ. ಹೊಳೆಯುವ ಕಡೆ ಮೇಲೆ ಮಾಡಿ ಇಟ್ಟೆ. ಯಾರಾದರೂ ಹಾಗೇ ಇಡುತ್ತಾರೆ. ಕನ್ನಡಿಯನ್ನು ಗೋಡೆಗೆ ಮುಖ ಮಾಡಿ ತೂಗುಹಾಕುತ್ತಾರಾ?

ಮೊದಲ ಚೀಟಿ ಹೊಸದು ಅಂತ ಬಂತು. ಎರಡಕ್ಕೆ ತಿರುಗಿಸಿದೆ. ಸದ್ದೇ ಇಲ್ಲ. ಪೆಟ್ಟಿಗೆಯ ಮುಖದ ಮೇಲೆ ಇಂಗ್ಲಿಷಿನಲ್ಲಿ ಎರಡು ಮಾತು ಮಿಣುಕುತ್ತಿತ್ತು. ನನಗೇನು ಗೊತ್ತು? ಕೆಡಿಸಿಬಿಟ್ಟೆ ಅಂದುಕೊಂಡೆ. ಪರದೆಯ ಆಚೆಯಿಂದ ನಿನ್ನ ಭಾವ, "ಏನೇ ಮಾಡ್ದೆ?" ಅಂದರು. ಅದಕ್ಕೆ ನೀನು ಏನಂದೆ ನೆನಪಿದೆಯಾ? ನನಗಿದೆ. "ಭಾವ, ಮೂರನೇ ಕ್ಲಾಸಿನ ಕೈಗೆ ಮಿಷನ್ನು ಕೊಟ್ರೆ ಇನ್ನೇನಾಗತ್ತೆ" ಅಂದೆ. ಬೀಗರೂ ಸೇರಿ ಮೂರು ಜನ ನಕ್ಕಿರಿ.

ನಾನು ಗುಂಡಿಯನ್ನು ಒಂದಕ್ಕೆ ತಿರುಗಿಸಿದೆ. ಹಾಡು ಬಂತು. "ಹಾಂ, ಬಂತು ಬಂತು" ಅಂದಿರಿ. ಮತ್ತೆ ನಾನು ಆ ಗುಂಡಿ ಮುಟ್ಟಲಿಲ್ಲ.

ಹತ್ತಕ್ಕೆ ಹತ್ತೂ ನಿನ್ನ ಹಳೇ ಪೆಟ್ಟಿಗೆಯೇ ಕಣೋ. ಚೀಟಿ ತೆಗೆಯುತ್ತಿದ್ದೆ, ಚೀಟಿಯಲ್ಲಿ ಇದ್ದದ್ದನ್ನು ಗೀಚುತ್ತಿದ್ದೆ, ಗಂಟಲು ಕೆರೆದು "ಬದಲಾಯಿಸ್ದೆ" ಅನ್ನುತ್ತಿದ್ದೆ. ಆಚೆ ನೀವಿಬ್ಬರು! "ಇದು ಹೊಸದೇ ಭಾವ, ತಗಡು ಬಡಿದ ಹಾಗಿದೆ" ಅಂದೆ ನೀನು. ನಿನ್ನದೇ ಪೆಟ್ಟಿಗೆಯನ್ನು! ಅವರು, "ಅಯ್ಯೋ ಪೆದ್ದೇ, ಇದು ನಿನ್ನ ಹಳೇದು, ಕಂಬಳಿ ಹೊದ್ದು ಹಾಡ್ತಿದಾಳೆ" ಅಂದರು. ನಿಜ ಹೇಳಲಾ? ಮೊದಮೊದಲು ನನಗೆ ಸೆರಗು ಬಾಯಿಗೆ ತುರುಕಿಕೊಳ್ಳುವಷ್ಟು ನಗು ಬಂತು. ಇಬ್ಬರು ಮೇಧಾವಿಗಳು ಇಲ್ಲದ ಹಸುವಿನ ಹಾಲು ಹಂಚಿಕೊಳ್ಳುತ್ತಿದ್ದೀರಿ ಅಂತ. ಆಮೇಲೆ ಅವರು ಮರದ ಕಿವಿ ಅಂದರು, ನೀನು ಪೆಟ್ಟಿಗೆ ಕಂಕುಳಿಗೆ ಸಿಕ್ಕಿಸಿಕೊಂಡು ಮೆಟ್ಟಿಲಿಳಿದೆ. ನಾನು ಪರದೆ ಹಿಡಿದು ನಿಂತೇ ಇದ್ದೆ. ಹೊರಗೆ ಬಂದರೆ ಹೇಳಬೇಕಾಗುತ್ತಿತ್ತು.

ಆ ಇಂಗ್ಲಿಷು ಏನೆಂದು ಗೊತ್ತಾಗಿದ್ದು ಎರಡು ವರ್ಷ ಕಳೆದ ಮೇಲೆ. ಇವರು ಒಂದು ಸಂಜೆ ಖಾಲಿ ಪೆಟ್ಟಿಗೆ ಚಾಲೂ ಮಾಡಿದಾಗ ಅದೇ ಎರಡು ಮಾತು ಮಿಣುಕಿತು. ಮೊಮ್ಮಗಳಿಗೆ ಆಗ ಆರು ವರ್ಷ. "ಅಜ್ಜಿ, ಡಿಸ್ಕ್ ಇಲ್ಲ ಅಂತಿದೆ" ಅಂದಳು. ಇವರು ಸೀಡಿ ಇಟ್ಟರು, ಹೊಳೆಯುವ ಕಡೆ ಕೆಳಗೆ. ಆಗ ತಿಳಿಯಿತು.

ಮೂರನೇ ಕ್ಲಾಸು ಅಂತ ಇನ್ನೊಂದು ಸಲ ಅನ್ನಿಸಿಕೊಳ್ಳಲಾರದೆ ನಿನ್ನನ್ನು ಐದು ವರ್ಷ ಕಳೆದುಕೊಂಡೆ. ನಿನ್ನ ಕಿವಿಗೆ ಏನೂ ಆಗಿಲ್ಲ. ಅಲ್ಲಿ ಕೇಳುವುದಕ್ಕೆ ಏನೂ ಇರಲೇ ಇಲ್ಲ.

ಇನ್ನೇನು ಬರೆಯಲಿ.

ಅಕ್ಕ


ಮಾರ್ಚ್ ೧೮

ತಮ್ಮಾ,

ನಿನ್ನ ಉತ್ತರ ಇಲ್ಲ. ಅಂಚೆಯವನು ಬರುವ ಹೊತ್ತಿಗೆ ಗೇಟಿನ ಹತ್ತಿರ ಏನಾದರೂ ಕೆಲಸ ಹುಟ್ಟಿಸಿಕೊಳ್ಳುತ್ತೇನೆ. ಇರುವ ನಾಲ್ಕು ಕುಂಡಕ್ಕೆ ನೀರು ಹಾಕೀ ಹಾಕೀ ಎರಡು ಗಿಡ ಕೊಳೆತವು. ಬೈದಾದರೂ ಬರಿ. ಸುಮ್ಮನಿರುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಭಯ.

ನಿನ್ನೆ ಇವರನ್ನು ಮತ್ತೆ ಕಿವಿ ಪರೀಕ್ಷೆಗೆ ಕರೆದುಕೊಂಡು ಹೋಗಿದ್ದೆ. ಗಾಜಿನ ಗೂಡಿನೊಳಗೆ ಕೂರಿಸಿ, ಕಿವಿಗೆ ಬಟ್ಟಲು ಹಾಕಿ, ಕೈಗೊಂದು ಗುಂಡಿ ಕೊಡುತ್ತಾರೆ. ಸದ್ದು ಕೇಳಿದಾಗ ಒತ್ತಬೇಕು. ನಾನು ಹೊರಗೆ ಡಾಕ್ಟರಮ್ಮನ ಪಕ್ಕ ನಿಂತಿದ್ದೆ. ಇವರು ಕಣ್ಣು ಮುಚ್ಚಿಕೊಂಡು, ದೊಡ್ಡ ಕಚೇರಿ ಕೇಳುವವರ ಹಾಗೆ ತಲೆದೂಗುತ್ತಾ ಒತ್ತುತ್ತಲೇ ಇದ್ದರು. ಡಾಕ್ಟರಮ್ಮ ನನ್ನ ಕಡೆ ನೋಡಿ ಮೆಲ್ಲಗೆ, "ಅಮ್ಮಾ, ನಾನು ಈಗ ಯಾವ ಸದ್ದೂ ಕಳಿಸ್ತಾ ಇಲ್ಲ" ಅಂದರು.

ನನಗೆ ಆ ಪರದೆ ನೆನಪಾಯಿತು. ಹೋಗಿ ಹೊರಗಿನ ಬೆಂಚಿನ ಮೇಲೆ ಕೂತೆ, ಎದ್ದೆ, ಮತ್ತೆ ಕೂತೆ.

ಎಡಗಿವಿ ಜನವರಿಯಲ್ಲಿ ಇದ್ದುದಕ್ಕಿಂತ ಅರ್ಧವಾಗಿದೆ. ವರ್ಷವೆಲ್ಲ ಎಲ್ಲಿ ಬಂತು.

ಅಕ್ಕ


ಏಪ್ರಿಲ್ ೨

ಅಕ್ಕಾ,

ನಿನ್ನ ಫೆಬ್ರವರಿಯ ಕಾಗದ ಓದಿದೆ. ಕೆಲಸದ ಶೆಡ್ಡಿನಲ್ಲಿ ಒಂದು ಒಳ್ಳೇ ಹಲಗೆಯನ್ನು ಅಳತೆ ತಪ್ಪಿ ಕೊಯ್ದೆ. ನಿನ್ನ ಮೇಲೆ ಬಂದ ಸಿಟ್ಟನ್ನು ಬರೆಯಲು ಹೋದರೆ ಕಾಗದ ಸಾಲದು.

ಆಮೇಲೆ ಇನ್ನೊಂದು ಯೋಚನೆ ಬಂತು. ನಿನ್ನ ತಪ್ಪು ಒಂದು ಸೀಡಿ. ನಾನು ಮಾಡಿದ್ದೇನು? ಹತ್ತು ಸಲ ಒಂದೇ ಪೆಟ್ಟಿಗೆ ಕೇಳಿ, ಹತ್ತು ಸಲವೂ ಎದೆ ತಟ್ಟಿ ಹೇಳಿದೆ. ಆ ತಗಡಿನ ಸದ್ದು ನನಗೆ ನಿಜವಾಗಿ ಕೇಳಿಸಿತ್ತು ಅಕ್ಕ. ಆಣೆ ಮಾಡಿ ಹೇಳುತ್ತೇನೆ. ಕೇಳಿಸಿತ್ತು. ಇದಕ್ಕೆ ನಗಲೋ ಅಳಲೋ ಗೊತ್ತಾಗದೆ ನನ್ನ ಹೆಂಡತಿಗೆ ಹೇಳಿದೆ. ಅವಳು ರೊಟ್ಟಿ ಮಗುಚುವುದನ್ನೂ ಬಿಟ್ಟು ನಕ್ಕಳು. "ಐದು ವರ್ಷ ಮುಖ ಊದಿಸ್ಕೊಂಡಿದ್ರಲ್ಲ, ಇದಕ್ಕಾ?" ಅಂದಳು.

ಮೂರನೇ ಕ್ಲಾಸು ಅಂದದ್ದು ನನಗೆ ನೆನಪೇ ಇರಲಿಲ್ಲ. ಈಗ ಇದೆ.

ಬರುತ್ತೇನೆ. ಆದರೆ ಭಾವನಿಗೆ ಮೊದಲು ನೀನೇ ಹೇಳಿರಬೇಕು, ನಿನ್ನ ಬಾಯಲ್ಲೇ. ಅವರ ಏಳು ಏಳಲ್ಲ ಅಂತ ಅವರಿಗೆ ತಿಳಿದ ಮೇಲೆಯೇ ನಾನು ಮೆಟ್ಟಿಲು ಹತ್ತುವುದು.

ತಮ್ಮ


ಏಪ್ರಿಲ್ ೨೧

ತಮ್ಮಾ,

ಹೇಳಿದೆ.

ಗುಟ್ಟು ಹೇಳಬೇಕಾದರೂ ಕೂಗಬೇಕು ಈಗ ಇವರಿಗೆ. ಎಡಗಡೆ ಕೂತು, ಸೀಡಿ ತಿರುವುಮುರುವು ಇಟ್ಟಿದ್ದೆ, ಗುಂಡಿ ತಿರುಗಿಸಲೇ ಇಲ್ಲ ಅಂತ ಕೂಗಿ ಹೇಳಿದೆ. ಮೇಲಿನ ಮನೆಯವಳು ಬಟ್ಟೆ ಹಿಂಡುವುದನ್ನು ನಿಲ್ಲಿಸಿ ಬಾಲ್ಕನಿಯಿಂದ ಬಗ್ಗಿದಳು. ಇನ್ನು ಬೀದಿಗೆಲ್ಲ ನಾನು ಹೇಳಬೇಕಾಗಿಲ್ಲ.

ಇವರು ವೈರು ಒರೆಸುತ್ತಿದ್ದರು. ಒರೆಸುತ್ತಲೇ, "ಗೊತ್ತು" ಅಂದರು.

"ಏನು ಗೊತ್ತು?"

"ಮಾರನೇ ದಿನ ಬೆಳಿಗ್ಗೆ ಟ್ರೇ ತೆಗೆದೆ. ಸೀಡಿ ಅಂಗಾತ ಮಲಗಿತ್ತು."

ಕೇಳಿದೆಯೇನೋ! ಅದನ್ನು ತೆಗೆದಿಡಬೇಕು ಅಂತ ನನಗೆ ಹೊಳೆಯಲೇ ಇಲ್ಲ. ಅವರು ಏನೂ ಅನ್ನಲಿಲ್ಲವಲ್ಲ, ನೋಡಿಲ್ಲ ಅಂದುಕೊಂಡೆ. ನಾನು ಇವರಿಂದ ಮುಚ್ಚಿಟ್ಟೆ, ಇವರು ನನ್ನಿಂದ ಮುಚ್ಚಿಟ್ಟರು. ಒಂದೇ ಕಳ್ಳತನದ ಮಾಲನ್ನು ಒಂದೇ ಮನೆಯ ಎರಡು ಮೂಲೆಯಲ್ಲಿ ಹೂತಿಟ್ಟ ಹಾಗೆ.

"ಯಾಕೆ ಹೇಳ್ಲಿಲ್ಲ ರೀ?" ಅಂದೆ.

"ನೀನು ನಗೆಪಾಟಲಾಗ್ತೀಯ ಅಂತ."

"ನನ್ನ ಮಾನ ಕಾಯೋಕೋ, ನಿಮ್ಮ ಏಳು ಕಾಯೋಕೋ?"

ಕೇಳಿಸಿತು, ನನಗೆ ಗೊತ್ತು. ಎದ್ದು ಹೋಗಿ ಪೆಟ್ಟಿಗೆಯ ಕೆಳಗಿನ ಬಿರಡೆ ತೆಗೆದರು, ರಬ್ಬರು ಇಟ್ಟರು. ರಬ್ಬರು ತೆಗೆದರು, ಬಿರಡೆ ಇಟ್ಟರು. ನಾನು ಎರಡು ದಿನ ಅಡುಗೆ ಮಾಡಿದೆ, ಮಾತಾಡಲಿಲ್ಲ. ಮೂರನೇ ದಿನ ಈ ಚೀಟಿ ಬರೆದು ತಟ್ಟೆಯ ಪಕ್ಕ ಇಟ್ಟು, "ಅವನಿಗೆ ಬರೀತಿದೀಯಲ್ಲ, ಅದರ ಜೊತೆ ಹಾಕು" ಅಂದರು. ನಾನು ಬರೆಯುವುದೂ ಗೊತ್ತು ನೋಡು ಗೂಬೆಗೆ.

ಮುಂದಿನ ತಿಂಗಳ ಎರಡನೇ ಭಾನುವಾರ ಬಾ.

ಅಕ್ಕ

(ಜೊತೆಗಿನ ಚೀಟಿ)

ಏಳು–ಮೂರು ಅಲ್ಲ. ಸೊನ್ನೆ–ಸೊನ್ನೆ. ನನಗೆ ಮಾರನೇ ದಿನವೇ ಗೊತ್ತಿತ್ತು. ಮೊದಲ ದಿನ ಹೇಳಬಹುದಿತ್ತು, ಎರಡನೇ ದಿನ ಕಷ್ಟವಾಯಿತು, ಆಮೇಲೆ ಆಗಲೇ ಇಲ್ಲ. ಪೆಟ್ಟಿಗೆ ತಾ. ಬಂದಾಗ ನನ್ನ ಎಡಕ್ಕೆ ಕೂತುಕೋ, ಬಲಕ್ಕೆ ಬೇಡ.

ಭಾವ


ಜೂನ್ ೩

ತಮ್ಮಾ,

ಸುಖವಾಗಿ ತಲುಪಿದ್ದಕ್ಕೆ ಎರಡು ಸಾಲು ಬರೆಯಲು ನಿನಗೆ ಮೂರು ವಾರ ಬೇಕಾಯಿತು. ಇರಲಿ. ಐದು ವರ್ಷಕ್ಕೆ ಹೋಲಿಸಿದರೆ ಬೇಗ.

ನೀನು ಹಳೇ ಪೆಟ್ಟಿಗೆಯನ್ನು ಮಗುವಿನ ಹಾಗೆ ತಬ್ಬಿಕೊಂಡು ಮೆಟ್ಟಿಲು ಹತ್ತಿದ್ದನ್ನು ಮೇಲಿನ ಮನೆಯವಳು ಈಗಲೂ ನಟಿಸಿ ತೋರಿಸುತ್ತಾಳೆ. ಬಾಗಿಲಲ್ಲಿ ನೀವಿಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ, "ಭಾರ ಇದೆಯಾ?" "ಹೂಂ, ಭಾರ ಇದೆ" ಅಂತ ಅಷ್ಟೇ ಮಾತಾಡಿದಿರಿ. ನನಗೆ ಸಾಕಾಗಿತ್ತು ಅಷ್ಟು.

ಮತ್ತೆ ಪರದೆ ಕಟ್ಟಲು ಹೊರಟಿರಲ್ಲ, ಆಗ ನಾನು "ಈ ಸಲ ನೀವಿಬ್ರೂ ಒಳಗೆ ಹೋಗಿ, ನಾನು ಕೂತು ಕೇಳ್ತೀನಿ" ಅಂದಿದ್ದು ಬರೀ ಕಾಲುನೋವಿಗೆ. ಇವರು ಹಾಡು ಕೇಳುವ ಆ ಕುರ್ಚಿಯನ್ನು ನಾನು ಅವತ್ತಿನವರೆಗೆ ಧೂಳು ಹೊಡೆಯಲು ಮುಟ್ಟಿದ್ದು ಬಿಟ್ಟರೆ ಅದರಲ್ಲಿ ಕೂತವಳಲ್ಲ.

ಆಮೇಲೆ ಆದದ್ದು ನಿನಗೂ ಗೊತ್ತು, ನನಗೂ ಗೊತ್ತು. ನಿನ್ನ ಭಾವನಿಗೆ ತಮ್ಮ ಪಿಸುಮಾತು ಬೀದಿಗೆ ಕೇಳಿಸುತ್ತದೆ ಅಂತ ಗೊತ್ತಿಲ್ಲ. "ಈಗ ಹಳೇದಕ್ಕೆ ತಿರುಗ್ಸೋ!" ಅಂತ ಪಿಸುಗುಟ್ಟಿದರು. "ಮೆಲ್ಲಗೆ ಭಾವ" ಅಂತ ನೀನು ಅಂದಿದ್ದೂ ಕೇಳಿಸಿತು. ನಾನು "ಹಳೇದು" ಅಂದೆ. "ಇನ್ನೊಂದು ಸಲ ಹಳೇದೇ ಇರ್ಲಿ, ಅವಳಿಗೆ ಗೊತ್ತಾಗಲ್ಲ!" ಅಂತ ಪಿಸುಗುಟ್ಟಿದರು. ನಾನು "ಹಳೇದೇ" ಅಂದೆ. ಹತ್ತಕ್ಕೆ ಹತ್ತು. ಪರದೆ ಸರಿಸಿ ಹೊರಗೆ ಬಂದು ನನ್ನನ್ನು ನೋಡಿದ ನೋಟ! ಮದುವೆಯಾದ ಹೊಸತರಲ್ಲೂ ಹಾಗೆ ನೋಡಿರಲಿಲ್ಲ. "ನಲವತ್ತೊಂಬತ್ತು ವರ್ಷ ಈ ಕಿವೀನ ಅಡುಗೆಮನೇಲಿ ಇಟ್ಟಿದ್ನಲ್ಲೇ!" ಅಂದರು. ನೀನು ತುಟಿ ಕಚ್ಚಿಕೊಂಡು ಗೋಡೆ ನೋಡುತ್ತಿದ್ದೆ. ಒಳ್ಳೇದು ಮಾಡಿದೆ.

ಈಗ ನನಗೆ ಬಂದ ಪಾಡು ಕೇಳು. ದಿನಾ ಸಂಜೆ ಆ ಕುರ್ಚಿ. ಒಲೆಯ ಮೇಲೆ ಹಾಲಿದ್ದರೂ ಕುರ್ಚಿ. "ನೀನು ಕೇಳಿ ಹೇಳು" ಅನ್ನುತ್ತಾರೆ. ನೀನು ಬಿಟ್ಟುಹೋದ ಹಳೇ ಪೆಟ್ಟಿಗೆ ಒಮ್ಮೆ, ಹೊಸದು ಒಮ್ಮೆ. ಏನು ಕೇಳಬೇಕೋ ಗೊತ್ತಿಲ್ಲದೆ ಮೊದಲ ವಾರ ಸುಮ್ಮನೆ ಹೂಂ ಅಂದೆ. ಆಮೇಲೆ ಒಂದು ದಿನ, ನಾಲ್ಕನೇ ಹಾಡು ಶುರುವಾಗುವ ಮೊದಲು, ಆ ಹೆಂಗಸು ಉಸಿರು ಎಳೆದುಕೊಂಡಳು.

ಕೇಳಿಸಿತು ಕಣೋ. ಬಿಂದಿಗೆ ಎತ್ತುವ ಮೊದಲು ಎಳೆದುಕೊಳ್ಳುತ್ತೇವಲ್ಲ, ಅಂಥದ್ದು. ನಾನು ಸೊಂಟ ನೆಟ್ಟಗೆ ಮಾಡಿದ್ದನ್ನು ನೋಡಿ ಇವರು, "ಇದೆಯಾ?" ಅಂದರು. "ಇದೆ" ಅಂತ ತಲೆ ಆಡಿಸಿದೆ. "ಎಲ್ಲಿ?" ಅಂದರು. ಬಾಯಲ್ಲಿ ಹೇಳುವಷ್ಟರಲ್ಲಿ ಅದು ದಾಟಿಹೋಗಿರುತ್ತದೆ. ಅದಕ್ಕೆ ಮುಂದಿನ ಸಾಲಿಗೆ ಅವಳು ಉಸಿರು ಎಳೆದ ಕೂಡಲೇ ಇವರ ಮೊಣಕಾಲು ತಟ್ಟಿದೆ. ಹಾಡಿಗೆ ಹನ್ನೊಂದು ಸಲ ಎಳೆಯುತ್ತಾಳೆ. ಹನ್ನೊಂದು ಸಲ ತಟ್ಟಿದೆ. ಹೊಸ ಪೆಟ್ಟಿಗೆಗೆ ಬದಲಾಯಿಸಿದರು. ಅದರಲ್ಲೂ ಹನ್ನೊಂದೇ. ಇವರು ಸ್ಕ್ರೂಡ್ರೈವರನ್ನು ಕಿಟಕಿಯ ಮೇಲಿಟ್ಟರು. ಆಮೇಲೆ, "ಹಾಗಾದ್ರೆ ತಪ್ಪು ಪೆಟ್ಟಿಗೇದಲ್ಲ" ಅಂದರು. ಆ ಮೂರನೇ ಟ್ರಾನ್ಸ್‌ಪೋರ್ಟನ್ನು ಮಾರನೇ ದಿನವೇ ಅಂಗಡಿಗೆ ವಾಪಸ್ ಕೊಟ್ಟು ಬಂದರು. ನನ್ನ ಸ್ಟೂಲು ನನಗೆ ಸಿಕ್ಕಿತು.

ಹತ್ತಕ್ಕೆ ಹತ್ತರ ಗುಟ್ಟನ್ನು ಇವರಿಂದ ಮುಚ್ಚಿಟ್ಟು ಮತ್ತೆ ಡಬ್ಬಿ ತೊಳೆಯಲು ಶುರು ಮಾಡಿದ್ದೆ. ಇನ್ನೊಂದು ಐದು ವರ್ಷ ನನ್ನ ಕೈಲಾಗದು. ನಿನ್ನೆ ಹೇಳಿಯೇಬಿಟ್ಟೆ. ಬಲಗಡೆ ಕೂತು ಹೇಳಿದೆ. ಇವರು ಹೂಂ ಅಂದರು. ಕೇಳಿಸಿತೋ ಇಲ್ಲವೋ, ನಾನು ಹೇಳಿದ್ದಂತೂ ಹೇಳಿದ್ದೇ.

ಇನ್ನೊಂದು. ಹೊರಡುವಾಗ ನೀನು ಸ್ಪೀಕರ್ ಪೆಟ್ಟಿಗೆಯ ಹಿಂದೆ ಬಗ್ಗಿ ಗೆಣ್ಣಿನಿಂದ ತಟ್ಟಿದ್ದನ್ನು ನೋಡಿದೆ. ಯಾರೂ ನೋಡುತ್ತಿಲ್ಲ ಅಂದುಕೊಂಡಿದ್ದೆಯಲ್ಲ? ಎರಡು ಸಲ ತಟ್ಟಿ, ಸ್ವಲ್ಪ ಕೆಳಗೆ ಇನ್ನೊಂದು ಸಲ ತಟ್ಟಿ, "ಇಲ್ಲಿ ಒಳಗಿನ ಪಟ್ಟಿ ಅಂಟು ಬಿಟ್ಟಿದೆ" ಅಂದೆ. ನಿನ್ನ ಭಾವ ನಿನ್ನೆ ಹಿಂದಿನ ಹಲಗೆ ಬಿಚ್ಚಿ ನೋಡಿದರು. ನೀನು ತಟ್ಟಿದ ಜಾಗದಲ್ಲೇ ಬಿಟ್ಟಿದೆ. ಅಂಟು ತಗೊಂಡು ಬಾ.

ಹಾಡು ಶುರುವಾಯಿತು, ಕರೆಯುತ್ತಿದ್ದಾರೆ. ನಾನು ಹೋಗದೆ ಅವಳು ಉಸಿರೆಳೆಯುವಂತಿಲ್ಲ.

ಅಕ್ಕ